ತ್ಸುರುಗಿ ಶಿಖರ ಮತ್ತು ‘ಪ್ರಥಮಾರೋಹಣ’ದ ಪ್ರಶ್ನೆ

ಜಪಾನಿನ ಹೊನ್ಷು ದ್ವೀಪದ ಮಧ್ಯಭಾಗಕ್ಕೆ ಚೂಬು ಪ್ರಾಂತವೆಂದು ಹೆಸರು. ಆ ದೇಶದಲ್ಲಿ 3000 ಮೀಟರುಗಳನ್ನು ಮೀರಿದ ಶಿಖರಗಳೆಲ್ಲವೂ ಇಲ್ಲಿಯೇ ಇವೆ. ಫುಜಿ (3776 ಮೀ.), ತಾತೆಯಾಮಾ (3015 ಮೀ.), ಹಾಕುಸಾನ್ (2702 ಮೀ.) ಎಂಬ ಮೂರು ಪವಿತ್ರ ಪರ್ವತಗಳೂ ಈ ಪ್ರಾಂತಕ್ಕೇ ಸೇರಿದವು.

ಇಲ್ಲಿಯ ಪರ್ವತಶ್ರೇಣಿಗೆ ‘ಜಪಾನೀ ಆಲ್ಪ್ಸ್’ ಎಂಬ ಹೆಸರು 1881ರ ಒಂದು ಆಂಗ್ಲ ಪ್ರವಾಸ ಕೈಪಿಡಿಯ ಮೂಲಕ ಬಳಕೆಗೆ ಬಂದಿತು. ಅದನ್ನು ಕೊಟ್ಟವನು ವಿಲಿಯಂ ಗೌಲಂಡನೆಂಬ ಲೋಹಶಾಸ್ತ್ರಜ್ಞ. ಪಾದ್ರಿ ವಾಲ್ಟರ್ ವೆಸ್ಟನ್ 1896ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಲೋಕಪ್ರಸಿದ್ಧವಾಯಿತು. ಇದರಿಂದ, ಈ ಶಿಖರಗಳನ್ನು ಮೊದಲು ಏರಿದವರು ಪಾಶ್ಚಾತ್ಯರೇ ಎಂಬ ಭಾವನೆ ಮೂಡುವುದು ಸಹಜ. ಆದರೆ ಯಾರಿ ಶಿಖರವನ್ನು (3180 ಮೀ.) ಬಾನ್ರ್ಯೂ ಎಂಬ ಬೌದ್ಧ ಭಿಕ್ಷು 1828ರಲ್ಲಿಯೇ ಏರಿದ್ದನು.

ತ್ಸುರುಗಿಯ (2999 ಮೀ.) ವೃತ್ತಾಂತವು ಇನ್ನೂ ವಿಚಾರಾರ್ಹವಾದುದು. ತಾತೆಯಾಮಾ ಮಂಡಲ ಚಿತ್ರಗಳಲ್ಲಿ ಇದು ನರಕದ ಸೂಜಿಬೆಟ್ಟ, ಏರಬಾರದ ಸ್ಥಳ. 1907ರ ಜುಲೈ ತಿಂಗಳಲ್ಲಿ ಷಿಬಾಸಾಕಿ ಯೊಷಿತಾರೊ ಎಂಬ ಸೈನ್ಯದ ಭೂಮಾಪಕನ ತಂಡವು ಇದರ ನೆತ್ತಿಯನ್ನು ಮುಟ್ಟಿತು. ತಾವೇ ಮೊದಲಿಗರೆಂದು ಭಾವಿಸಿದ್ದವರಿಗೆ ಅಲ್ಲಿ ದೊರೆತುದು ಒಂದು ಕಬ್ಬಿಣದ ಕತ್ತಿ ಮತ್ತು ಉಂಗುರಗಳುಳ್ಳ ಭಿಕ್ಷುದಂಡದ ಲೋಹದ ತುದಿ. ಈ ದಂಡವನ್ನು ಸಂಸ್ಕೃತದಲ್ಲಿ ‘ಖಕ್ಖರ’ವೆಂದೂ ಜಪಾನಿಯಲ್ಲಿ ‘ಶಕುಜೋ’ ಎಂದೂ ಕರೆಯುವರು. ಭಾರತದ ಭಿಕ್ಷುಗಳ ಉಪಕರಣವೇ ಬೌದ್ಧಧರ್ಮದೊಡನೆ ಅಷ್ಟು ದೂರ ಸಾಗಿದೆ. ವಿದ್ವಾಂಸರು ಈ ವಸ್ತುಗಳನ್ನು ನಾರಾ ಯುಗದ ಅಂತ್ಯ ಅಥವಾ ಹೇಯಾನ್ ಯುಗದ ಆರಂಭಕ್ಕೆ, ಎಂದರೆ ಸುಮಾರು 8-9ನೆಯ ಶತಮಾನಗಳಿಗೆ ಸೇರಿಸಿರುವರು. 1959ರಲ್ಲಿ ಇವು ಜಪಾನಿನ ಮುಖ್ಯ ಸಾಂಸ್ಕೃತಿಕ ಆಸ್ತಿಯೆಂದು ಘೋಷಿತವಾದವು.

ಇಲ್ಲಿ ಎಚ್ಚರಿಕೆಯೊಂದು ಅವಶ್ಯಕ. ವಸ್ತುವಿನ ನಿರ್ಮಾಣಕಾಲವೇ ಅದನ್ನು ಶಿಖರದಲ್ಲಿ ಇಟ್ಟ ಕಾಲವಾಗಬೇಕಾಗಿಲ್ಲ. ಹಳೆಯ ದಂಡವನ್ನು ಎಷ್ಟೋ ತಲೆಮಾರುಗಳ ಅನಂತರವೂ ಹೊತ್ತು ತಂದಿರಬಹುದು. ಆದರೂ 1907ಕ್ಕೆ ಮುಂಚೆ ಯಾರೋ ತಪಸ್ವಿಯು ಅಲ್ಲಿಗೆ ಏರಿದ್ದನೆಂಬುದು ನಿಸ್ಸಂದೇಹ. ಉಳಿದಿರುವ ಮಂಡಲ ಚಿತ್ರಗಳು ಬಹುಮಟ್ಟಿಗೆ ಎಡೊ ಯುಗದವು (1603-1868). ಆದಕಾರಣ ಅವು ಸೂಚಿಸುವ ನಿಷೇಧವನ್ನು ಪ್ರಾಚೀನ ಕಾಲಕ್ಕೆ ಆರೋಪಿಸುವುದು ಯುಕ್ತವಲ್ಲ.

ಭೂಮಾಪಕನು ಏರಿದುದು ನಕ್ಷೆಗಾಗಿ, ಪಾಶ್ಚಾತ್ಯನು ಏರಿದುದು ಸಾಹಸಕ್ಕಾಗಿ, ಇಬ್ಬರೂ ಬರೆದಿಟ್ಟರು. ತಪಸ್ವಿಯು ತನ್ನ ಹೆಸರನ್ನು ಬಿಡದೆ ದಂಡವನ್ನು ಮಾತ್ರ ಬಿಟ್ಟುಹೋದನು. ‘ಪ್ರಥಮಾರೋಹಣ’ವೆಂದು ನಾವು ಹೇಳುವುದು ಅನೇಕ ವೇಳೆ ಪ್ರಥಮ ಲಿಖಿತ ದಾಖಲೆಯನ್ನು ಮಾತ್ರ. ಈ ಭೇದವನ್ನು ಮರೆತ ಇತಿಹಾಸವು ಬರೆದವರ ಇತಿಹಾಸವಾಗಿಯೇ ಉಳಿಯುವುದು.