ಕೆಟ್ಟ ನಾಳೆಯ ಕಥೆಗೆ ಧಾತು ವರ್ಷದ ಕನ್ನಡಿ

ಮುಂದೆ ಕೆಟ್ಟ ಕಾಲ ಬರಲಿದೆ ಎಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. ತುಂಗಭದ್ರೆಯ ಆಚೆ ದಂಡೆಯ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂಥ ಮಳೆ ನಂಬಿದ ಊರುಗಳ ರೈತ ಆ ಸಾಲಿನಲ್ಲಿ ಮಳೆ, ಬೆಳೆ, ರಾಜಕಾರಣ ಎಲ್ಲವನ್ನೂ ಹುಡುಕುತ್ತಾನೆ. ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನಗಳು ಇನ್ನೂ ಮುಂದೆ ಹೋಗಿ, ಧರ್ಮ ಕೆಡುವ ದಿನಗಳನ್ನು ಸಾಲುಸಾಲಾಗಿ ವರ್ಣಿಸಿದವು.

ಪಶ್ಚಿಮದಲ್ಲಿ ಈ ಕೆಲಸವನ್ನು ಕಾದಂಬರಿ ವಹಿಸಿಕೊಂಡಿತು. 1516ರಲ್ಲಿ ಥಾಮಸ್ ಮೋರ್ ಕಲ್ಪಿತ ದ್ವೀಪವೊಂದಕ್ಕೆ ಯುಟೋಪಿಯ ಎಂದು ಹೆಸರಿಟ್ಟ. ಅದು ಆದರ್ಶ ನಾಡಿನ ಹೆಸರಾಗಿ ನಿಂತಿತು. ಅದಕ್ಕೆ ವಿರುದ್ಧವಾದ ಕೇಡಿನ ನಾಡೇ ಡಿಸ್ಟೋಪಿಯ. 1868ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಜಾನ್ ಸ್ಟುವರ್ಟ್ ಮಿಲ್ ಈ ಅರ್ಥದ ಪದವನ್ನು ಬಳಸಿದ್ದ. ಇಂಥ ನಾಡಿನ ಕಥೆಗಳಲ್ಲಿ ಹದಿಹರೆಯದವರು ಅತಿ ಹೆಚ್ಚು ಓದಿದ್ದರಲ್ಲಿ ಒಂದು, ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ 2008ರಲ್ಲಿ ಪ್ರಕಟಿಸಿದ 'ದಿ ಹಂಗರ್ ಗೇಮ್ಸ್'. ಹೆಸರಿನಲ್ಲೇ ಹಸಿವಿದೆ. ಹಸಿವನ್ನು ಬಲ್ಲ ಸೀಮೆಯಲ್ಲಿ ನಿಂತು ಇದರ ಗುಣದೋಷ ನೋಡುವುದು ಉಚಿತ.

ಕಥೆ ಹೀಗಿದೆ. ಪನೆಮ್ ಎಂಬ ದೇಶದಲ್ಲಿ ಶ್ರೀಮಂತ ರಾಜಧಾನಿ ಒಂದು, ಅದಕ್ಕೆ ದುಡಿದು ಹಾಕುವ ಜಿಲ್ಲೆಗಳು ಹನ್ನೆರಡು. ಹಿಂದೊಮ್ಮೆ ದಂಗೆ ಎದ್ದ ತಪ್ಪಿಗೆ ಪ್ರತಿವರ್ಷ ಪ್ರತಿ ಜಿಲ್ಲೆಯೂ ಚೀಟಿ ಎತ್ತಿ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕಳಿಸಬೇಕು. ಈ 24 ಮಕ್ಕಳು ಒಬ್ಬರೇ ಉಳಿಯುವ ತನಕ ಕಾದಾಡಬೇಕು. ದೇಶವೆಲ್ಲ ಅದನ್ನು ಟಿವಿಯಲ್ಲಿ ನೋಡಬೇಕು. ಕಲ್ಲಿದ್ದಲಿನ ಹನ್ನೆರಡನೇ ಜಿಲ್ಲೆಯ 16 ವರ್ಷದ ಕ್ಯಾಟ್ನಿಸ್, ತಂಗಿಯ ಹೆಸರು ಬಂದಾಗ ತಾನೇ ಮುಂದೆ ಬರುತ್ತಾಳೆ.

ಕಾದಂಬರಿಯ ದೊಡ್ಡ ಶಕ್ತಿ ಕಾದಾಟದ ರೋಚಕತೆಯಲ್ಲ, ಅದರ ಹಿಂದಿನ ಲೆಕ್ಕ. ಹನ್ನೆರಡರಿಂದ ಹದಿನೆಂಟರ ಮಕ್ಕಳ ಹೆಸರು ಚೀಟಿಯಲ್ಲಿ ಇದ್ದೇ ಇರುತ್ತದೆ. ಬಡ ಮಗು ತನ್ನ ಹೆಸರಿನ ಇನ್ನೊಂದು ಚೀಟಿ ಹಾಕಿಸಿದರೆ ಒಬ್ಬರಿಗೆ ವರ್ಷಕ್ಕಾಗುವಷ್ಟು ಧಾನ್ಯ, ಎಣ್ಣೆ ಸಿಗುತ್ತದೆ. ಮನೆಯಲ್ಲಿ ಬಾಯಿ ಹೆಚ್ಚಿದ್ದಷ್ಟೂ ಚೀಟಿ ಹೆಚ್ಚು. ಹೀಗಾಗಿ ಕ್ಯಾಟ್ನಿಸ್‌ಳ ಹೆಸರು 20 ಸಲ, ಆಕೆಯ ಗೆಳೆಯ ಗೇಲ್‌ನದು 42 ಸಲ ಇರುತ್ತದೆ. ಯಾರನ್ನೂ ಬಲವಂತ ಮಾಡಿಲ್ಲ ಎಂದು ಸರ್ಕಾರ ಹೇಳಬಹುದು. ಕಾಳಿಗಾಗಿ ಮಕ್ಕಳೇ ಸಹಿ ಹಾಕಿದ್ದಾರಲ್ಲ!

ಇದು ಬರೀ ಕಲ್ಪನೆ ಎನ್ನುವವರು 1876–78ರ ಬರವನ್ನು ನೆನೆಯಬೇಕು. ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟು ಆರಂಭವಾದ ಈ ಬರ ದಖ್ಖನ್ನಿನಿಂದ ಮೈಸೂರು, ಮದ್ರಾಸಿನವರೆಗೆ ಹಬ್ಬಿತು. ಸತ್ತವರು ಅರ್ಧ ಕೋಟಿಗೂ ಹೆಚ್ಚು ಎಂದು ಅಂದಾಜು. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿತ್ತು. ಗದಗ ಇದ್ದ ಧಾರವಾಡ ಜಿಲ್ಲೆ ಬ್ರಿಟಿಷರ ಮುಂಬೈ ಪ್ರಾಂತಕ್ಕೆ ಸೇರಿತ್ತು. 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ಭಾರೀ ದರ್ಬಾರು ನಡೆಸಿ, ವಿಕ್ಟೋರಿಯಾ ಹಿಂದೂಸ್ಥಾನದ ಚಕ್ರವರ್ತಿನಿ ಎಂದು ಸಾರಿದ. ಅದೇ ತಿಂಗಳು ಬರ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವವರ ಕೂಲಿಗೆ ಕತ್ತರಿ ಬಿತ್ತು. ಸರ್ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿ ಹೇಳಿದ ಪ್ರಮಾಣ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಚಿಲ್ಲರೆ ಕಾಸು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಕಲ್ಲು ಒಡೆಯುವ ಆಳಿಗೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ವಾದಿಸಿದರು. ಆ ಹೊತ್ತಿನಲ್ಲೂ ದೇಶದಿಂದ ಧಾನ್ಯ ಹಡಗು ಹತ್ತುತ್ತಲೇ ಇತ್ತು.

ಕಾದಂಬರಿಯ ದೌರ್ಬಲ್ಯ ಕಾಣುವುದೂ ಇದೇ ಕನ್ನಡಿಯಲ್ಲಿ. ಪನೆಮ್‌ನ ಅಧ್ಯಕ್ಷ ಸ್ನೋ ಎದ್ದು ಕಾಣುವ ಖಳನಾಯಕ. ಅವನ ಬಳಿ ಗುಲಾಬಿಯ ಜೊತೆ ರಕ್ತದ ವಾಸನೆ. ಟೆಂಪಲ್‌ಗೆ ಅಂಥ ವಾಸನೆ ಇರಲಿಲ್ಲ. 1874ರಲ್ಲಿ ಬಂಗಾಳ–ಬಿಹಾರದ ಬರದಲ್ಲಿ ಧಾರಾಳವಾಗಿ ಅಕ್ಕಿ ತರಿಸಿ ಜನರನ್ನು ಉಳಿಸಿದವನೂ ಅವನೇ. ಖರ್ಚು ಅತಿಯಾಯಿತೆಂದು ಬೈಸಿಕೊಂಡ ಅಧಿಕಾರಿ ಮುಂದಿನ ಬರದಲ್ಲಿ ಕೈ ಬಿಗಿಹಿಡಿದ. ಕೇಡಿಗೆ ರಾಕ್ಷಸನೇ ಬೇಕೆಂದಿಲ್ಲ, ಮೇಲಿನವರನ್ನು ಮೆಚ್ಚಿಸುವ ಒಂದು ಲೆಕ್ಕದ ಪುಸ್ತಕ ಸಾಕು. ಈ ಸೂಕ್ಷ್ಮವನ್ನು ಮೊದಲ ಕಾದಂಬರಿ ಮುಟ್ಟುವುದಿಲ್ಲ. 2010ರ ಮೂರನೇ ಭಾಗದಲ್ಲಿ ಮಾತ್ರ, ಬಂಡಾಯದ ನಾಯಕಿಯೇ ರಾಜಧಾನಿಯ ಮಕ್ಕಳನ್ನು ಅಖಾಡಕ್ಕೆ ಇಳಿಸಲು ಹೊರಟಾಗ, ಲೇಖಕಿ ಅದರ ಹತ್ತಿರ ಬರುತ್ತಾರೆ.

ಬೇರೆ ದೋಷಗಳೂ ಇವೆ. ಒಂದೊಂದು ಜಿಲ್ಲೆಗೆ ಒಂದೇ ಕಸುಬು ಎಂಬ ಏರ್ಪಾಡು ನಕ್ಷೆಯ ಮೇಲೆ ಚೆಂದ. ಜೋಳ, ಹತ್ತಿ, ಮಗ್ಗ, ಸಂತೆ ಎಲ್ಲವೂ ಒಟ್ಟಿಗಿರುವ ಗದಗ–ಬೆಟಗೇರಿಯ ಓದುಗನಿಗೆ ಅದು ತೆಳುವಾಗಿ ಕಾಣುತ್ತದೆ. ಇಬ್ಬರು ಹುಡುಗರ ನಡುವಿನ ಪ್ರೇಮದ ತೊಳಲಾಟ ಹಲವು ಪುಟ ತಿನ್ನುತ್ತದೆ. 24 ಮಕ್ಕಳಲ್ಲಿ ಕೆಲವರಿಗೆ ಹೆಸರೇ ಇಲ್ಲ, ಅವರು ಬರೀ ಎಣಿಕೆಯಾಗಿ ಸಾಯುತ್ತಾರೆ. ಮುಂದೆ ಯಾರು ಸಾಯುತ್ತಾರೋ ಎಂದು ಪುಟ ತಿರುಗಿಸುವ ಓದುಗ, ಟಿವಿ ಮುಂದೆ ಕುಳಿತ ರಾಜಧಾನಿಯ ಪ್ರೇಕ್ಷಕನಿಗಿಂತ ಬಹಳ ದೂರದಲ್ಲಿಲ್ಲ.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಇಂಥ ಕಥೆ ಎಳೆಯ ಓದುಗರನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದು. ಶರಣರ ಹೆಸರಿನ ಕಾಲಜ್ಞಾನಗಳಲ್ಲಿ ವೀರ ವಸಂತರಾಯ ಬಂದು ಕಲ್ಯಾಣವನ್ನು ಮತ್ತೆ ಕಟ್ಟುವ ನಿರೀಕ್ಷೆಯಿದೆ. ನೊಂದವರಿಗೆ ಅದು ಸಮಾಧಾನ, ಆದರೆ ಕಾಯುತ್ತ ಕೂರುವ ಅಪಾಯವೂ ಉಂಟು. ಬಿಲ್ಲು ಹಿಡಿದ ಒಬ್ಬಳೇ ನಾಯಕಿಯ ಮೇಲೆ ಎಲ್ಲ ಭಾರ ಹೊರಿಸುವ ಕಾದಂಬರಿಗೂ ಆ ಅಪಾಯ ತಪ್ಪಿದ್ದಲ್ಲ. ಆದರೂ ಓದಿದವರೆಲ್ಲ ಸುಮ್ಮನೆ ಕೂರಲಿಲ್ಲ. ಕಥೆಯಲ್ಲಿ ಜಿಲ್ಲೆಯ ಜನ ಎತ್ತುವ ಮೂರು ಬೆರಳಿನ ವಂದನೆಯನ್ನು 2014ರ ಸೇನಾ ಕ್ರಾಂತಿಯ ನಂತರ ಥಾಯ್ಲೆಂಡಿನ ಯುವಕರು, 2021ರಲ್ಲಿ ಮ್ಯಾನ್ಮಾರಿನ ಜನ ಬೀದಿಯಲ್ಲಿ ಎತ್ತಿದರು.

ಗದುಗಿನ ಕುಮಾರವ್ಯಾಸ 15ನೇ ಶತಮಾನದಲ್ಲೇ ಬೇರೊಂದು ದಾರಿ ತೋರಿದ್ದ. ಅವನ ಸಭಾಪರ್ವದಲ್ಲಿ ನಾರದ ಹೊಸ ಅರಸು ಧರ್ಮರಾಯನೆದುರು ಒಂದು ಕೇಡಿನ ರಾಜ್ಯದ ಚಿತ್ರ ಇಡುತ್ತಾನೆ. ಆಳುವವರೇ ಕ್ರೂರಮೃಗಗಳಾಗಿ, ಬಡವರ ಅಹವಾಲಿಗೆ ಕಿವಿಯಿಲ್ಲದೆ, ಜನ ಊರು ಬಿಡಲು ಹಾತೊರೆಯುವ ರಾಜ್ಯ ಅದು. ನಿನ್ನ ರಾಜ್ಯ ಹೀಗಿಲ್ಲ ತಾನೆ ಎಂಬುದೇ ಅಲ್ಲಿನ ಪ್ರಶ್ನೆ. ಅದು ಭವಿಷ್ಯವಾಣಿಯಲ್ಲ, ಇಂದೇ ಉತ್ತರ ಬೇಡುವ ವಿಚಾರಣೆ. 'ಹಂಗರ್ ಗೇಮ್ಸ್' ಧಾನ್ಯದ ಚೀಟಿಯ ಲೆಕ್ಕ ಬಿಡಿಸುವ ಪುಟಗಳಲ್ಲಿ ಆ ಎತ್ತರ ಮುಟ್ಟುತ್ತದೆ, ಸ್ನೋ ಒಬ್ಬನ ಮೇಲೆ ಎಲ್ಲ ಹೊರಿಸಿದಾಗ ಕೆಳಗಿಳಿಯುತ್ತದೆ. ಮಕ್ಕಳು ಓದಬೇಕಾದ ಪುಸ್ತಕವೇ ಹೌದು. ಓದಿ ಮುಗಿಸಿದ ಮೇಲೆ ಧಾತು ವರ್ಷದ ಕಥೆಯನ್ನೂ ಮನೆಯ ಹಿರಿಯರು ಜೊತೆಗೆ ಹೇಳಿದರೆ, ಪುಸ್ತಕದಲ್ಲಿ ಉಳಿದ ಕೊರತೆ ತುಂಬೀತು.