ಯು1: ಕೊರಗ ತಾಯಂದಿರು ಉಳಿಸಿದ ಎಳೆ

ಕುರೆಕುಪ್ಪ, ತೋರಣಗಲ್ಲು ಕಡೆಯಿಂದ ಬಳ್ಳಾರಿಗೆ ಹೊರಟವರಿಗೆ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಶಾಖೋತ್ಪನ್ನ ಸ್ಥಾವರದ ಬೂದಿಗೆ ಈಗ ಹೆಸರಾದ ಈ ಊರಲ್ಲಿ ಅದಕ್ಕಿಂತ ಸಾವಿರಾರು ವರ್ಷ ಹಳೆಯ ಬೂದಿಯೂ ಇದೆ. ನವಶಿಲಾಯುಗದ ದನಗಾಹಿಗಳು ಸಗಣಿ ಒಟ್ಟಿ ಸುಟ್ಟ ದಿಬ್ಬ ಅದು. ಹಂಪಿ ಪಕ್ಕದ ನಿಂಬಾಪುರದಲ್ಲಿರುವ ಇಂಥದೇ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಆ ದನಗಾಹಿಗಳು ಎಲ್ಲಿಂದ ಬಂದವರು, ಇಂದಿನ ಸಂಡೂರು, ಕಂಪ್ಲಿ ಸೀಮೆಯ ಜನರಲ್ಲಿ ಅವರ ಪಾಲೆಷ್ಟು ಎಂಬ ಪ್ರಶ್ನೆ ಹಳೆಯದು. 1963-64ರಲ್ಲಿ ತೆಕ್ಕಲಕೋಟೆಯ ಗುಡ್ಡದಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಅದರ ವರದಿಯನ್ನು ಅವರ ಜೊತೆ ಸೇರಿ ಬರೆದವರು ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರ. ಹಳೆಯ ಎಲುಬು ಸಿಕ್ಕರೆ ಆಗ ಮಾಡಬಹುದಾಗಿದ್ದದ್ದು ಅಳತೆಪಟ್ಟಿ ಹಿಡಿಯುವುದು: ತಲೆಬುರುಡೆಯ ಉದ್ದ, ಅಗಲ, ದವಡೆ, ಹಲ್ಲು. ಯಾರ ತಾಯಿ ಯಾರು ಎಂಬುದನ್ನು ಎಲುಬಿನಿಂದ ಓದುವ ವಿದ್ಯೆ ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು 1981ರ ನಂತರ. ಆ ವರ್ಷ ಕೇಂಬ್ರಿಜ್‌ನ ವಿಜ್ಞಾನಿಗಳು ಮನುಷ್ಯನ ಮೈಟೊಕಾಂಡ್ರಿಯದೊಳಗಿನ ಪುಟ್ಟ ಡಿಎನ್‌ಎ ಉಂಗುರವನ್ನು ಪೂರ್ತಿ ಓದಿ ಮುಗಿಸಿದರು. ಒಟ್ಟು 16,569 ಅಕ್ಷರಗಳು, 37 ವಂಶವಾಹಿಗಳು. ಜೀವಕೋಶದ ಕೇಂದ್ರದಲ್ಲಿರುವ 300 ಕೋಟಿ ಅಕ್ಷರಗಳ ಮುಂದೆ ಇದು ಏನೇನೂ ಅಲ್ಲ. ಆದರೆ ಇದರ ಸಂಚಾರಕ್ಕೆ ಒಂದೇ ನಿಯಮ: ತಾಯಿಯಿಂದ ಮಕ್ಕಳಿಗೆ. ಮಗನಿಗೂ ಸಿಗುತ್ತದೆ, ಆದರೆ ಅವನಲ್ಲೇ ನಿಲ್ಲುತ್ತದೆ. ತಂದೆಯ ಕಡೆಯದು ಬಂದು ಬೆರೆಯುವುದಿಲ್ಲವಾದ್ದರಿಂದ ತಲೆಮಾರುಗಳಲ್ಲಿ ಆಗೊಮ್ಮೆ ಈಗೊಮ್ಮೆ ಬಿದ್ದ ಅಕ್ಷರದೋಷಗಳು ಬಿದ್ದ ಕ್ರಮದಲ್ಲೇ ಉಳಿಯುತ್ತವೆ. ಒಂದೇ ದೋಷವನ್ನು ಹೊತ್ತವರೆಲ್ಲ ಸಾಮಾನ್ಯವಾಗಿ ಒಬ್ಬ ತಾಯಿಯ ಸಂತತಿ.

ನಮ್ಮ ಕಡೆಯ ಮದುವೆಗಳಲ್ಲಿ ಇದು ಹೇಗೆ ಓಡಾಡುತ್ತದೆ ಎಂದು ನೋಡುವುದು ಸ್ವಾರಸ್ಯದ ಸಂಗತಿ. ಹೊಸಪೇಟೆ, ಸಂಡೂರು ಸೀಮೆಯ ಹಲವು ಜಾತಿಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ಇದೆ. ಅಲ್ಲಿ ವರ, ವಧು, ವಧುವಿನ ತಾಯಿ, ಮುಂದೆ ಹುಟ್ಟುವ ಮಕ್ಕಳು ಎಲ್ಲರದ್ದೂ ಒಂದೇ ಮೈಟೊಕಾಂಡ್ರಿಯ ಡಿಎನ್‌ಎ. ತಂದೆಗೂ ಮಕ್ಕಳಿಗೂ ಈ ಎಳೆ ಒಂದೇ ಆಗುವುದು ಬೇರೆ ಕಡೆ ಅಪರೂಪ. ಇಲ್ಲಿ ಅದು ಮನೆಮಾತು. ಸೋದರತ್ತೆಯ ಮಗಳನ್ನು ತಂದರೆ ಹುಡುಗನ ಅಪ್ಪನ ತಾಯಿಯ ಎಳೆ ಒಂದು ತಲೆಮಾರು ಹೊರಗಿದ್ದು ಮತ್ತೆ ಮನೆ ಸೇರುತ್ತದೆ. ಸೋದರಮಾವನ ಮಗಳನ್ನು ತಂದರೆ ಮಾತ್ರ ಸಾಮಾನ್ಯವಾಗಿ ಹೊಸ ಎಳೆಯೊಂದು ಹೊಸ್ತಿಲು ದಾಟುತ್ತದೆ, ಯಾಕೆಂದರೆ ಆ ಹುಡುಗಿಯ ಎಳೆ ಅವಳ ತಾಯಿಯದು, ಮಾವನದಲ್ಲ. ಬಳಗದೊಳಗೇ ಮದುವೆಯಾಗುವ ಸಣ್ಣ ಸಮುದಾಯದಲ್ಲಿ ಎಲ್ಲೋ ಅಪರೂಪವಾದ ಎಳೆಯೊಂದು ಹೇಗೆ ಹಬ್ಬಿಬಿಡಬಲ್ಲದು ಎಂಬುದರ ಸುಳಿವು ಈ ಲೆಕ್ಕದಲ್ಲೇ ಇದೆ.

1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ 147 ಜನರ ಮಾದರಿಗಳನ್ನು ಹೋಲಿಸಿದರು. ಬಹುಪಾಲು ಡಿಎನ್‌ಎ ತೆಗೆದದ್ದು ಹೆರಿಗೆಯ ನಂತರ ಬೀಳುವ ಮಾಸಿನಿಂದ. ಎಲ್ಲ ಎಳೆಗಳೂ ಹಿಂದಕ್ಕೆ ಹೋಗಿ ಸುಮಾರು ಎರಡು ಲಕ್ಷ ವರ್ಷಗಳ ಹಿಂದಿನ ಆಫ್ರಿಕದ ಒಬ್ಬ ತಾಯಿಯಲ್ಲಿ ಕೂಡಿದವು. ಪತ್ರಿಕೆಗಳು ಅವಳಿಗೆ ಈವ್ ಎಂದು ಹೆಸರಿಟ್ಟು ಗೊಂದಲ ಎಬ್ಬಿಸಿದವು. ಅವಳು ಆ ಕಾಲದ ಏಕೈಕ ಹೆಂಗಸಲ್ಲ. ಹೆಣ್ಣುಮಕ್ಕಳ ಸಾಲು ಇಂದಿನವರೆಗೂ ಕಡಿಯದೆ ಬಂದದ್ದು ಅವಳೊಬ್ಬಳದು, ಅಷ್ಟೆ.

ಭಾರತದ ಆರಂಭದ ಮುಖ್ಯ ಅಧ್ಯಯನಗಳಲ್ಲೊಂದು ಕರ್ನಾಟಕದ್ದೇ ಎಂಬುದನ್ನು ನಾವು ಹೆಚ್ಚು ಹೇಳಿಕೊಳ್ಳುವುದಿಲ್ಲ. 1995ರಲ್ಲಿ ಜೊಆನಾ ಮೌಂಟನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್, ಸ್ಟ್ಯಾನ್‌ಫರ್ಡ್‌ನ ಕವಾಲಿ-ಸ್ಫೋರ್ಜಾ ಮತ್ತಿತರರು ಸೇರಿ ಪ್ರಕಟಿಸಿದ ಲೇಖನದಲ್ಲಿ ಹವ್ಯಕರು, ಮುಕ್ರಿಗಳು ಮತ್ತು ಕೇರಳದ ಕಾಡರ್ ಜನರ ಹೋಲಿಕೆ ಇತ್ತು. ಮೂರು ಸಮುದಾಯಗಳು ಮೂರು ಬೇರೆ ಬುಡಗಳಾಗಿ ಒಡೆಯಲಿಲ್ಲ; ಎಳೆಗಳು ಬೆರೆತಿದ್ದವು. ಆದರೆ ಹವ್ಯಕರ ಸಂಖ್ಯೆ ಹಿಂದೆ ಬೆಳೆಯುತ್ತ ಬಂದ ಗುರುತೂ, ಮುಕ್ರಿಗಳದು ಹಿಗ್ಗದೆ ನಿಂತ ಇಲ್ಲವೇ ಮತ್ತೆ ಮತ್ತೆ ಕುಗ್ಗಿದ ಗುರುತೂ ಸಿಕ್ಕವು. ತೆಕ್ಕಲಕೋಟೆಯ ಮಲ್ಹೋತ್ರ ಇದೇ ಗಾಡ್ಗೀಳರ ಜೊತೆ ಸೇರಿ ಜಾತಿ ಮತ್ತು ಪರಿಸರದ ಸಂಬಂಧದ ಬಗ್ಗೆ 1983ರಲ್ಲಿ ಬರೆದಿದ್ದರು. ಎಲುಬು ಅಳೆದವರಿಗೂ ರಕ್ತ ಓದಿದವರಿಗೂ ನಡುವೆ ಇಷ್ಟು ಹತ್ತಿರದ ನಂಟಿದೆ.

ಆಮೇಲೆ ಈ ಶಾಸ್ತ್ರ ಓಡತೊಡಗಿತು. ಆಫ್ರಿಕ ಬಿಟ್ಟು ಬಂದ ಎಳೆಗಳೆಲ್ಲ ಬಹುಮಟ್ಟಿಗೆ ಎಂ ಮತ್ತು ಎನ್ ಎಂಬ ಎರಡು ಬೊಡ್ಡೆಗಳಿಗೆ ಸೇರುತ್ತವೆ ಎಂದು ತಿಳಿಯಿತು. ಎನ್‌ನಿಂದ ಆರ್, ಆರ್‌ನಿಂದ ಯು ಕವಲೊಡೆದವು. ಭಾರತದಲ್ಲಿ ಅರ್ಧಕ್ಕೂ ಹೆಚ್ಚು ಜನ ಎಂ ಗುಂಪಿನವರು. ಇಲ್ಲಿ ಅದರ ಕವಲುಗಳು ಎಷ್ಟು ವಿಧವೆಂದರೆ ಹೊಸ ಸಂಖ್ಯೆ ಕೊಡುವುದೇ ಸಂಶೋಧಕರಿಗೆ ಕೆಲಸವಾಯಿತು. 1999ರಲ್ಲಿ ಎಸ್ಟೋನಿಯದ ಟೂಮಸ್ ಕಿವಿಸಿಲ್ಡ್ ಮತ್ತು ಜೊತೆಗಾರರು, ನಮ್ಮ ಯು2 ಎಳೆ ಯೂರೋಪಿನದರಿಂದ ಸುಮಾರು 50 ಸಾವಿರ ವರ್ಷಗಳ ಹಿಂದೆಯೇ ಬೇರೆಯಾದದ್ದು ಎಂದು ತೋರಿಸಿದರು. ಯು ಎಂದರೆ ಪಶ್ಚಿಮದಿಂದ ನಿನ್ನೆ ಮೊನ್ನೆ ಬಂದದ್ದು ಎಂಬ ಊಹೆ ಅಲ್ಲಿಗೆ ಬಿತ್ತು. 2005ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ತಂಡ ಅಂಡಮಾನಿಗರಲ್ಲಿ ಎಂ31, ಎಂ32 ಎಂಬ, ಆಗ ಬೇರೆಲ್ಲೂ ಕಂಡಿರದ ಹಳೆಯ ಕವಲುಗಳನ್ನು ವರದಿ ಮಾಡಿತು.

ಅಪರೂಪ ಎಂಬುದು ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೂ ಇದೆ. ಆಫ್ರಿಕದಲ್ಲಿ ಎಲ್ ಗುಂಪು ಮಾಮೂಲು, ಭಾರತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳಲ್ಲಿ 2011ರ ಅಧ್ಯಯನವೊಂದು ನೋಡಿದಾಗ 95 ಪ್ರತಿಶತದಷ್ಟು ತಾಯಿ ಎಳೆಗಳು ಎಲ್ ಆಗಿದ್ದವು. ಗುಜರಾತಿನ ಸಿದ್ದಿಗಳಲ್ಲಿ ಇದು 53 ಮಾತ್ರ. ಗುಲಾಮರಾಗಿ ತಂದವರಲ್ಲಿ ಹೆಂಗಸರೂ ಇದ್ದರು, ಕರ್ನಾಟಕದ ಕಾಡಂಚಿನಲ್ಲಿ ಅವರ ಹೆಣ್ಣುಮಕ್ಕಳ ಸಾಲು ಕಡಿಯದೆ ಉಳಿಯಿತು ಎಂಬ ಚರಿತ್ರೆ ಈ ಎರಡು ಅಂಕಿಗಳಲ್ಲಿ ಇದೆ. ದಾಖಲೆಗಳಿರುವ ಕಾಲದ ಮಾತಾದ್ದರಿಂದ ಸಿದ್ದಿಗಳ ವಿಚಾರದಲ್ಲಿ ಯಾರಿಗೂ ತಕರಾರಿಲ್ಲ.

ತಕರಾರು ಇರುವುದು ಯು1ರ ಬಗ್ಗೆ. ಯು ಬಳಗದಲ್ಲಿ ಇದು ಬಡಪಾಯಿ ತಂಗಿ. ಯು5 ಯೂರೋಪಿನ ಹಳೆಯ ಬೇಟೆಗಾರರಲ್ಲಿ ತುಂಬಿತ್ತು, ಯು6 ಉತ್ತರ ಆಫ್ರಿಕದಲ್ಲಿ ಬೇರೂರಿತು, ಯು2 ಭಾರತದಲ್ಲಿ ಎಲ್ಲೆಡೆ ಇದೆ. ಯು1 ಮಾತ್ರ ಪಶ್ಚಿಮ ಏಷ್ಯ, ಕಾಕಸಸ್, ಪೂರ್ವ ಯೂರೋಪುಗಳಲ್ಲಿ ಚೂರುಚೂರಾಗಿ ಹರಡಿಕೊಂಡಿದೆ. ಜಾರ್ಜಿಯದ ಸ್ವಾನ್ ಗುಡ್ಡಗಾಡು ಜನರಲ್ಲಿ ನೂರಕ್ಕೆ ನಾಲ್ಕು ಎಂದರೆ ಅದೇ ದೊಡ್ಡ ಪಾಲು. ಭಾರತದಲ್ಲಿ ಮೊದಲು ಕಂಡದ್ದು ಕೇರಳದ ಕಡೆ, ಅದೂ ವಿರಳವಾಗಿ. ಹೀಗಿರುವಾಗ ಮಂಗಳೂರು ವಿಶ್ವವಿದ್ಯಾಲಯದ ಮೊಹಮ್ಮದ್ ಮುಸ್ತಾಕ್, ಜೈಸನ್ ಸಿಕ್ವೇರಾ ಮತ್ತಿತರರು ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಸೀಮೆಯ ಕೊರಗರ ಮೈಟೊಕಾಂಡ್ರಿಯ ಓದಿದಾಗ ಅವರಲ್ಲಿ ಯು1 ಎದ್ದು ಕಂಡಿತು. 2024ರಲ್ಲಿ ಬಂದ ಆ ಲೇಖನದ ಸಹಲೇಖಕರಲ್ಲಿ ಭಾಷಾವಿಜ್ಞಾನಿ ಜಾರ್ಜ್ ವಾನ್ ಡ್ರೀಮ್ ಕೂಡ ಇದ್ದಾರೆ.

ಭಾಷಾವಿಜ್ಞಾನಿ ಅಲ್ಲಿಗೆ ಬಂದದ್ದಕ್ಕೆ ಕಾರಣವಿದೆ. ಕನ್ನಡ ವ್ಯಾಕರಣದ ಚರ್ಚೆಗಳಿಂದ ನಮಗೆಲ್ಲ ಪರಿಚಿತರಾದ ಡಿ.ಎನ್. ಶಂಕರ ಭಟ್ಟರು 1971ರಲ್ಲೇ ಕೊರಗ ಭಾಷೆಯ ಮೇಲೆ ಪುಸ್ತಕ ಬರೆದಿದ್ದರು. ಒಂಟಿ, ತಪ್ಪು, ಮುದು ಎಂಬ ಅದರ ಒಳನುಡಿಗಳನ್ನು ದಾಖಲಿಸುವಾಗ ಅವರಿಗೆ ಕೆಲವು ವಿಚಿತ್ರ ಹೋಲಿಕೆಗಳು ಕಂಡವು. ಸುತ್ತಲಿನ ತುಳು, ಕನ್ನಡಗಳಿಗಿಂತ ಎಲ್ಲೋ ದೂರದ ಉತ್ತರ ದ್ರಾವಿಡ ಭಾಷೆಗಳ ಜೊತೆ ಹೊಂದುವ ವ್ಯಾಕರಣದ ಗುಣಗಳವು. ಉತ್ತರ ದ್ರಾವಿಡ ಎಂದರೆ ಜಾರ್ಖಂಡ್ ಕಡೆಯ ಕುರುಖ್, ಮಾಲ್ತೊ ಮತ್ತು ಬಲೂಚಿಸ್ತಾನದ ಬ್ರಾಹುಯಿ. ಅರಬ್ಬಿ ಕಡಲಂಚಿನಲ್ಲಿ ಬುಟ್ಟಿ ಹೆಣೆದು, ಡೋಲು ಬಾರಿಸಿ ಬದುಕಿದ ಜನರ ಮಾತಿಗೂ ಬಲೂಚಿಸ್ತಾನದ ಕುರಿಗಾಹಿಗಳ ಮಾತಿಗೂ ನಂಟು! ಯು1 ಪಶ್ಚಿಮದಿಂದ ಸಿಂಧೂ ಬಯಲಿನ ಕಡೆಯಾಗಿ ಕರಾವಳಿಗೆ ಇಳಿದ ಎಳೆ, ಆ ಭಾಷೆಯ ಗುಣಗಳೂ ಅದೇ ದಾರಿಯಲ್ಲಿ ಬಂದಿರಬೇಕು ಎಂಬ ದಿಕ್ಕಿಗೆ ಲೇಖನದ ವಾದ ಸಾಗುತ್ತದೆ.

ವಾದ ಆಕರ್ಷಕವಾಗಿದೆ. ಕೊರಗರಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ; ಸ್ವಂತ ಬಳಿಯಲ್ಲಿ ಮದುವೆ ಇಲ್ಲ. ಅಂದರೆ ಬಳಿಯೂ ಮೈಟೊಕಾಂಡ್ರಿಯವೂ ಒಂದೇ ಹಾದಿಯ ಪ್ರಯಾಣಿಕರು. ನಿಯಮ ಕಟ್ಟುನಿಟ್ಟಾಗಿ ನಡೆದಿದ್ದರೆ ಒಂದು ಬಳಿಗೆ ಒಂದೋ ಎರಡೋ ಎಳೆಗಳಷ್ಟೇ ಸಿಗಬೇಕು. ಹಾಗೆ ಬಳಿವಾರು ನೋಡುವ ಅವಕಾಶ ಬಳ್ಳಾರಿ ಸೀಮೆಯಲ್ಲಿಲ್ಲ, ಇಲ್ಲಿ ಬೆಡಗು ಬರುವುದು ತಂದೆಯಿಂದ.

ಆದರೂ ಎರಡು ಸಂಗತಿಗಳನ್ನು ಬದಿಗಿಡಲಾಗದು. ಒಂದು, ಜನಸಂಖ್ಯೆ. 2011ರ ಜನಗಣತಿಯಲ್ಲಿ ಕರ್ನಾಟಕ, ಕೇರಳ ಎರಡೂ ಸೇರಿ ಕೊರಗರು ಸುಮಾರು 16 ಸಾವಿರ; ಜೇನುಕುರುಬರಂತೆ ಇವರೂ ವಿಶೇಷ ದುರ್ಬಲ ಬುಡಕಟ್ಟಿನ ಪಟ್ಟಿಯಲ್ಲಿದ್ದಾರೆ. ಅಜಲು ಎಂಬ ಹೆಸರಿನಲ್ಲಿ ಇವರನ್ನು ಅಮಾನವೀಯವಾಗಿ ನಡೆಸಿಕೊಳ್ಳುವ ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಇಂಥ ಬದುಕಿನಲ್ಲಿ ಹೊರಗಿನವರ ಜೊತೆ ಮದುವೆ ಎಲ್ಲಿಂದ ಬರಬೇಕು? ಮೂಲದ ಕೆಲವೇ ತಾಯಂದಿರಲ್ಲಿ ಒಬ್ಬಳು ಯು1 ಹೊತ್ತಿದ್ದರೆ ಸಾಕು, ಆಕಸ್ಮಿಕವಾಗಿ ಅದು ಸಮುದಾಯದಲ್ಲೆಲ್ಲ ತುಂಬಿಕೊಳ್ಳಬಹುದು. ಎಳೆ ಹೆಚ್ಚಿದೆ ಎಂದ ಮಾತ್ರಕ್ಕೆ ಅದನ್ನು ಹೊತ್ತವರು ದೊಡ್ಡ ಗುಂಪಾಗಿ ವಲಸೆ ಬಂದರು ಎನ್ನಲಾಗದು. ಹತ್ತು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬರಿಗೂ ಲೆಕ್ಕದ ಪ್ರಕಾರ 1,024 ಹಿರಿಯರು. ಮೈಟೊಕಾಂಡ್ರಿಯ ಅವರಲ್ಲಿ ಒಬ್ಬಳ ವಿಷಯ ಮಾತ್ರ ಹೇಳುತ್ತದೆ.

ಇನ್ನೊಂದು, ಬ್ರಾಹುಯಿಗಳೇ. 2017ರಲ್ಲಿ ಲುಕಾ ಪಗಾನಿ ಮತ್ತಿತರರು ಅವರ ಜೀನೋಮ್ ನೋಡಿದಾಗ ಅವರು ಅಕ್ಕಪಕ್ಕದ ಬಲೂಚಿಗಳಿಗಿಂತ ಬೇರೆಯಾಗಿ ಕಾಣಲಿಲ್ಲ. ಭಾಷೆ ದ್ರಾವಿಡ, ರಕ್ತ ನೆರೆಹೊರೆಯದು. ಮಾತು ಒಂದು ದಾರಿ ಹಿಡಿದು, ಸಂತಾನ ಇನ್ನೊಂದು ದಾರಿ ಹಿಡಿಯುವುದು ಹೊಸತೇನಲ್ಲ. ಕೊರಗ ಭಾಷೆಯನ್ನು ತುಳುವಿನ ಪಕ್ಕ ದಕ್ಷಿಣ ದ್ರಾವಿಡದಲ್ಲೇ ಇರಿಸುವ ಭಾಷಾವಿಜ್ಞಾನಿಗಳೂ ಇದ್ದಾರೆ.

ಹಳೆಯ ಎಲುಬುಗಳನ್ನೇ ಕೇಳಬಹುದಲ್ಲ ಎಂದರೆ ನಮ್ಮ ಬಿಸಿಲು ಅಡ್ಡಬರುತ್ತದೆ. ಶಾಖಕ್ಕೆ ಡಿಎನ್‌ಎ ಚೂರಾಗುತ್ತದೆ. ಹರಿಯಾಣದ ಹರಪ್ಪ ಕಾಲದ ನೆಲೆ ರಾಖಿಗಢಿಯ ಸ್ಮಶಾನದ 61 ಮಾದರಿಗಳನ್ನು ಜಾಲಾಡಿದರೂ 2019ರಲ್ಲಿ ಪ್ರಕಟವಾದದ್ದು ಒಬ್ಬ ಹೆಂಗಸಿನ ಜೀನೋಮ್. ಅವಳ ತಾಯಿ ಎಳೆ ಯು2ಬಿ2, ಇಂದಿಗೂ ಭಾರತದಲ್ಲಿ ಜೀವಂತವಾಗಿರುವ ಕವಲು. ಅಲ್ಲಿ ಯು1 ಸಿಗಲಿಲ್ಲ; ಒಬ್ಬಳ ಮೇಲೆ ಏನನ್ನೂ ತೀರ್ಮಾನಿಸಲೂ ಆಗದು. ಬೇಸಿಗೆಯಲ್ಲಿ ಬಂಡೆ ಕಾದು ಕೆಂಡವಾಗುವ ತೆಕ್ಕಲಕೋಟೆ, ಬಳ್ಳಾರಿ ಪಕ್ಕದ ಸಂಗನಕಲ್ಲುಗಳ ಎಲುಬಿನಲ್ಲಿ ಓದುವಷ್ಟು ಡಿಎನ್‌ಎ ಉಳಿದಿದ್ದರೆ ಅದು ಅದೃಷ್ಟವೇ ಸರಿ.

ಕಾಲದ ಲೆಕ್ಕವೂ ಈ ಎಳೆಗೆ ಸುಲಭವಲ್ಲ. 2009ರಲ್ಲಿ ಪೆಡ್ರೊ ಸೊರೇಸ್ ತಂಡ ಕಟ್ಟಿದ ಲೆಕ್ಕದ ಪ್ರಕಾರ ಇಡೀ ಮೈಟೊಕಾಂಡ್ರಿಯದಲ್ಲಿ ಸರಾಸರಿ 3,600 ವರ್ಷಕ್ಕೊಂದು ಅಕ್ಷರ ಬದಲಾಗುತ್ತದೆ. ದ್ರಾವಿಡ ಭಾಷೆಗಳು ಕವಲೊಡೆದ ನಾಲ್ಕೈದು ಸಾವಿರ ವರ್ಷಗಳ ಅವಧಿಯಲ್ಲಿ ಆಗುವುದು ಒಂದೇ ಒಂದು ಬದಲಾವಣೆ. ಭಾಗಶಃ ಓದಿದರೆ ಅದೂ ಕೈತಪ್ಪಬಹುದು. ಮಂಗಳೂರಿನ ತಂಡ ಮುಂದೆ ಕೊರಗರ ಇಡೀ ಜೀನೋಮಿನ ಕಡೆ ಹೊರಳಿತು. 2025ರಲ್ಲಿ ಪ್ರಕಟವಾದ ಆ ಅಧ್ಯಯನ ಸುಮಾರು 4,400 ವರ್ಷ ಹಳೆಯದಾದ, ಇದುವರೆಗೆ ಪ್ರತ್ಯೇಕವಾಗಿ ಗುರುತಾಗದ ಒಂದು ವಂಶಾಂಶವನ್ನು ಕೊರಗರಲ್ಲಿ ಕಂಡು, ಅದನ್ನು ಮೂಲ ದ್ರಾವಿಡರ ಜೊತೆ ಜೋಡಿಸಿತು. ತಂದೆ, ತಾಯಿ ಎರಡೂ ಕಡೆಯ ಸಾವಿರಾರು ಹಿರಿಯರಿಂದ ಬಂದ ಡಿಎನ್‌ಎ ಆದ್ದರಿಂದ ಇದರ ಸಾಕ್ಷ್ಯಕ್ಕೆ ತೂಕ ಹೆಚ್ಚು. ಆದರೆ ಇದು ಯು1ರ ಕಥೆಯನ್ನು ತಾನಾಗಿ ಸಾಬೀತು ಮಾಡುವುದಿಲ್ಲ. ಅದಕ್ಕೆ ಕುರುಖ್, ಮಾಲ್ತೊ ಆಡುವವರ ಮತ್ತು ಕರಾವಳಿಯ ಇತರ ಸಮುದಾಯಗಳ ಪೂರ್ಣ ಮೈಟೊಕಾಂಡ್ರಿಯ ಸರಣಿಗಳನ್ನು ಕೊರಗರ ಯು1 ಪಕ್ಕದಲ್ಲಿಟ್ಟು, ಯಾವ ಅಕ್ಷರ ಎಲ್ಲಿ ಮೊದಲು ಬದಲಾಯಿತು ಎಂದು ಒಂದೊಂದಾಗಿ ನೋಡಬೇಕು.