ರಾಮಾನುಜನ್ ಬರೆದ ಪ್ರಗತಿ ವರದಿಗಳು

ಕಾಲೇಜಿನ ಮೊದಲ ಹಂತದ ಎಫ್.ಎ. ಪರೀಕ್ಷೆಯನ್ನೇ ದಾಟದವರಿಗೆ ಸಂಶೋಧನಾ ವೇತನ ಕೊಡಬಹುದೇ? 1913ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಎದುರಾದ ಪ್ರಶ್ನೆಯಿದು. ನಿಯಮದಂತೆ ಅದಕ್ಕೆ ಸ್ನಾತಕೋತ್ತರ ಪದವಿ ಬೇಕಿತ್ತು. ಆದರೆ ಚರ್ಚೆಗೆ ಬಂದ ಹೆಸರು ಶ್ರೀನಿವಾಸ ರಾಮಾನುಜನ್ ಅವರದು. ಆಗ ಅವರು ಮದರಾಸು ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತ.

ಆ ಹೊತ್ತಿಗೆ ಕೇಂಬ್ರಿಜ್‌ನಿಂದ ಗಣಿತಜ್ಞ ಜಿ.ಎಚ್. ಹಾರ್ಡಿ ಅವರ ಮೆಚ್ಚುಗೆಯ ಪತ್ರ ಬಂದಿತ್ತು. ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಕೂಡ ಶಿಫಾರಸು ಮಾಡಿದ್ದರು. ವಿಶ್ವವಿದ್ಯಾಲಯದ ಸಿಂಡಿಕೇಟ್ ನಿಯಮ ಸಡಿಲಿಸಿತು. ಮೇ ತಿಂಗಳಿಂದ ಎರಡು ವರ್ಷ ತಿಂಗಳಿಗೆ 75 ರೂಪಾಯಿ ಎಂದಾಯಿತು. ಅದಕ್ಕೊಂದು ಷರತ್ತೂ ಇತ್ತು: ಮೂರು ತಿಂಗಳಿಗೊಮ್ಮೆ ಗಣಿತ ಅಧ್ಯಯನ ಮಂಡಳಿಗೆ ಪ್ರಗತಿ ವರದಿ ಒಪ್ಪಿಸಬೇಕು.

ಹಣ ಕೊಟ್ಟವರು ಲೆಕ್ಕ ಕೇಳುವುದು ಸಹಜವೇ. ಆದರೆ ರಾಮಾನುಜನ್ ಅವರ ಮಟ್ಟಿಗೆ ಇದು ಹೊಸ ಶಿಸ್ತು. ಅವರ ನೋಟ್‌ಬುಕ್‌ಗಳಲ್ಲಿ ಸಾಲುಸಾಲಾಗಿ ಸೂತ್ರಗಳಿವೆ, ಅವು ಎಲ್ಲಿಂದ ಬಂದವೆಂಬ ಸುಳಿವು ಅಪರೂಪ. ಮಂಡಳಿಗೆ ಮಾತ್ರ ಹಾಗೆ ಬರೆದು ಕೊಡುವಂತಿರಲಿಲ್ಲ.

1913ರ ಆಗಸ್ಟ್ 5ರ ಮೊದಲ ವರದಿಯಲ್ಲಿ ಅವರು ಅನುಕಲನದ ಒಂದು ಪ್ರಮೇಯವನ್ನು ಬಿಡಿಸಿಟ್ಟರು. ಫಲನವೊಂದರ ಘಾತಶ್ರೇಣಿ ಗೊತ್ತಿದ್ದರೆ, ಅದರ ಗುಣಾಂಕಗಳ ಕ್ರಮ ಹಿಡಿದೇ ಶೂನ್ಯದಿಂದ ಅನಂತದವರೆಗಿನ ಒಂದು ಬಗೆಯ ಅನುಕಲದ ಬೆಲೆ ಹೇಳಿಬಿಡಬಹುದು ಎಂಬುದು ಅದರ ತಿರುಳು. ಇಂದು ಇದಕ್ಕೆ 'ರಾಮಾನುಜನ್ ಮಾಸ್ಟರ್ ಥಿಯರಂ' ಎಂದೇ ಹೆಸರು. ಅವರು ಕೊಟ್ಟ ಸಾಧನೆ ಬಿಗಿಯಾಗಿರಲಿಲ್ಲ. ಪ್ರಮೇಯ ಯಾವ ಕಟ್ಟುಪಾಡಿನೊಳಗೆ ನಿಲ್ಲುತ್ತದೆಂದು ಮುಂದೆ ಹಾರ್ಡಿ ತೋರಿಸಿಕೊಟ್ಟರು.

ಎರಡನೆಯ ವರದಿ ನವೆಂಬರ್ 7ರದು. ಮೂರನೆಯದು 1914ರ ಮಾರ್ಚ್ 9ರದು. ಎಂಟು ದಿನ ಕಳೆದು ರಾಮಾನುಜನ್ ಇಂಗ್ಲೆಂಡಿನ ಹಡಗು ಹತ್ತಿದರು. ಹೀಗಾಗಿ ಮದರಾಸಿನ ವರದಿಗಳು ಮೂರಕ್ಕೇ ನಿಂತವು.

ಮೂಲಪ್ರತಿಗಳು ಈಗಿಲ್ಲ. 1925ರಲ್ಲಿ ಒಬ್ಬರು ಕೈಬರಹದಲ್ಲಿ ನಕಲು ಮಾಡಿಟ್ಟದ್ದರಿಂದ ವಿಷಯವಾದರೂ ಉಳಿಯಿತು. ಅಮೆರಿಕದ ಗಣಿತಜ್ಞ ಬ್ರೂಸ್ ಬರ್ನ್ಟ್ 1980ರ ದಶಕದಲ್ಲಿ ಇವನ್ನು ವಿವರವಾಗಿ ಪರಿಶೀಲಿಸಿ, ನೋಟ್‌ಬುಕ್‌ಗಳ ಕುರಿತ ತಮ್ಮ ಮೊದಲ ಸಂಪುಟದಲ್ಲಿ ಸೇರಿಸಿದರು. ಬರಿಯ ಉತ್ತರಗಳನ್ನಷ್ಟೇ ಬರೆದಿಟ್ಟ ನೋಟ್‌ಬುಕ್‌ಗಳ ಎಷ್ಟೋ ಅನುಕಲಗಳು ಯಾವ ದಾರಿಯಲ್ಲಿ ಹುಟ್ಟಿರಬಹುದೆಂದು ಹುಡುಕುವವರಿಗೆ ಈ ವರದಿಗಳೇ ಆಧಾರ.